ಸಾರ್ವಜನಿಕ ಸಂಪರ್ಕ: ವಿವೇಚನೆ ಮಾಲೀಕನ ಹೊಣೆ

ಸಾರ್ವಜನಿಕ ಸಂಪರ್ಕವೆಂದರೆ ದೊಡ್ಡ ಕಂಪನಿಗಳ ಕೆಲಸ, ವರ್ತಕರಿಗೂ ಸಣ್ಣ ಕೈಗಾರಿಕೆಗಳಿಗೂ ಅದರಿಂದ ಆಗಬೇಕಾದುದು ಏನೂ ಇಲ್ಲ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಇದೆ. ಹಬ್ಬಕ್ಕೊಂದು ಜಾಹೀರಾತು, ಹೊಸ ಮಳಿಗೆಯ ಪ್ರಾರಂಭಕ್ಕೊಂದು ಪತ್ರಿಕಾ ಹೇಳಿಕೆ, ಇಷ್ಟಾದರೆ ಸಾಕೆಂದು ಭಾವಿಸಲಾಗಿತ್ತು. ಇಂದು ಒಬ್ಬ ಗ್ರಾಹಕ ಮೊಬೈಲಿನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೊ ಸಂಜೆಯೊಳಗೆ ಊರಿನ ವಾಟ್ಸ್ಆ್ಯಪ್ ಗುಂಪುಗಳನ್ನೆಲ್ಲ ತಲುಪಬಲ್ಲದು. ಹತ್ತು ಮಂದಿ ಕೆಲಸಗಾರರಿರುವ ಉಪ್ಪಿನಕಾಯಿ ಘಟಕವೂ ಸಾರ್ವಜನಿಕರಿಗೆ ಉತ್ತರ ಹೇಳಬೇಕಾದ ಕಾಲ ಬಂದಿದೆ.

ಹಿಂದೆ ಈ ವೃತ್ತಿಯ ವಿವೇಚನೆ ಇದ್ದುದು ಹೇಳಿಕೆಯನ್ನು ಯಾವ ಪತ್ರಿಕೆಗೆ, ಯಾವಾಗ, ಯಾವ ಮಾತುಗಳಲ್ಲಿ ಕೊಡಬೇಕು ಎಂಬುದರಲ್ಲಿ. ಮರುದಿನದ ಪತ್ರಿಕೆ ಅಚ್ಚಾಗುವವರೆಗೆ ಯೋಚಿಸಲು ಸಮಯವಿರುತ್ತಿತ್ತು. ಈಗ ಆ ಸಮಯವಿಲ್ಲ. ಜೊತೆಗೆ, 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ನಂತರ ಅಚ್ಚುಕಟ್ಟಾದ ಹೇಳಿಕೆಯನ್ನು ಯಂತ್ರವೇ ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ. ಬರೆಯುವ ಕೌಶಲದ ಬೆಲೆ ಇಳಿದಿದೆ. ಏನನ್ನು ಹೇಳಬೇಕು, ಏನನ್ನು ಹೇಳಬಾರದು, ಹೇಳುವ ಮೊದಲು ಏನನ್ನು ಮಾಡಬೇಕು ಎಂಬ ವಿವೇಚನೆಯ ಬೆಲೆ ಏರಿದೆ. ಈ ವಿವೇಚನೆಯನ್ನು ಸಂಸ್ಥೆಯ ಮಾಲೀಕನೇ ವಹಿಸಿಕೊಳ್ಳಬೇಕು, ಏಜೆನ್ಸಿಗಾಗಲಿ ಯಂತ್ರಕ್ಕಾಗಲಿ ಒಪ್ಪಿಸಲಾಗದು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಮೂರು ಪ್ರಸಂಗಗಳನ್ನು ನೋಡಬಹುದು. 1982ರಲ್ಲಿ ಅಮೆರಿಕದ ಶಿಕಾಗೊ ಪ್ರದೇಶದಲ್ಲಿ ಟೈಲೆನಾಲ್ ಎಂಬ ನೋವುನಿವಾರಕ ಮಾತ್ರೆ ಸೇವಿಸಿದ ಏಳು ಜನ ಮೃತಪಟ್ಟರು. ಅಂಗಡಿಗಳಲ್ಲಿದ್ದ ಬಾಟಲಿಗಳಿಗೆ ಯಾರೋ ಸೈನೈಡ್ ಬೆರೆಸಿದ್ದರೆಂದು ತನಿಖೆ ಹೇಳಿತು. ತಯಾರಕರಾದ ಜಾನ್ಸನ್ ಅಂಡ್ ಜಾನ್ಸನ್ ಸಮೂಹವು ‘ತಪ್ಪು ನಮ್ಮ ಕಾರ್ಖಾನೆಯದಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆ ಮಾತು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅದು ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿಗಳನ್ನು ಹಿಂಪಡೆಯಿತು. ಕೆಲವೇ ವಾರಗಳಲ್ಲಿ, ತೆರೆದರೆ ಗೊತ್ತಾಗುವಂತಹ ಮೂರು ಸುತ್ತಿನ ಮುದ್ರೆಯ ಪೊಟ್ಟಣದೊಂದಿಗೆ ಸರಕನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಇಲ್ಲಿ ಹೇಳಿಕೆಗಿಂತ ಮೊದಲು ನಡೆದದ್ದು ಕೃತಿ. ಅಂತಹ ಖರ್ಚಿಗೆ ಒಪ್ಪಿಗೆ ಕೊಡುವ ಅಧಿಕಾರ ಯಾವ ಪ್ರಚಾರಾಧಿಕಾರಿಗೂ ಇರುವುದಿಲ್ಲ.

ಎರಡನೆಯದು ನಮ್ಮ ದೇಶದ್ದು. 2003ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಲ್ಲಿ ಕ್ಯಾಡ್ಬರಿ ಡೈರಿ ಮಿಲ್ಕ್ ಚಾಕೊಲೇಟಿನಲ್ಲಿ ಹುಳುಗಳು ಕಂಡುಬಂದವು. ಅಂಗಡಿಗಳಲ್ಲಿ ದಾಸ್ತಾನು ಸರಿಯಾಗಿಲ್ಲದಿರುವುದೇ ಇದಕ್ಕೆ ಕಾರಣವೆಂಬುದು ಕಂಪನಿಯ ಮೊದಲ ಪ್ರತಿಕ್ರಿಯೆ. ಹಾಗಿದ್ದರೆ ಪೊಟ್ಟಣ ಭದ್ರವಾಗಿತ್ತೇ ಎಂಬ ಪ್ರಶ್ನೆ ಕೂಡಲೇ ಎದ್ದಿತು. ಕೊನೆಗೆ ‘ಪ್ರಾಜೆಕ್ಟ್ ವಿಶ್ವಾಸ್’ ಎಂಬ ಹೆಸರಿನಲ್ಲಿ ಅಂಗಡಿಕಾರರಿಗೆ ದಾಸ್ತಾನಿನ ತಿಳಿವಳಿಕೆ ನೀಡುವ ಕಾರ್ಯಕ್ರಮವನ್ನು ಕಂಪನಿ ಕೈಗೊಂಡಿತು. 2004ರ ಜನವರಿಯಲ್ಲಿ ಹೊಸ ಪೊಟ್ಟಣ ಬಂದಿತು, ನಂತರ ಅಮಿತಾಭ್ ಬಚ್ಚನ್ ಅವರ ಜಾಹೀರಾತು ಬಂದಿತು. ಮಾರುಕಟ್ಟೆ ಮರಳಿ ದೊರೆಯಿತೆಂಬುದು ನಿಜ. ಆದರೆ ತನ್ನ ಸರಕನ್ನು ಮಾರುವ ಅಂಗಡಿಕಾರನತ್ತಲೇ ಮೊದಲು ಬೆರಳು ತೋರಿಸುವುದು ಎಂತಹ ವಿವೇಚನೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಮೂರನೆಯದು 2015ರ ಮ್ಯಾಗಿ ಪ್ರಕರಣ. ಸೀಸದ ಪ್ರಮಾಣದ ಬಗ್ಗೆ ಆಕ್ಷೇಪ ಬಂದಾಗ ತನ್ನ ಸ್ವಂತ ಪರೀಕ್ಷೆಗಳಲ್ಲಿ ದೋಷವಿಲ್ಲವೆಂದು ನೆಸ್ಲೆ ಹೇಳಿತು. ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಷೇಧದ ಆದೇಶ ಹೊರಬಿದ್ದಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿ ಮರುಪರೀಕ್ಷೆಗೆ ಸೂಚಿಸಿತು. ನವೆಂಬರ್‌ನಲ್ಲಿ ಮ್ಯಾಗಿ ಅಂಗಡಿಗಳಿಗೆ ಮರಳಿತು. ನ್ಯಾಯಾಲಯದಲ್ಲಿ ಕಂಪನಿ ಗೆದ್ದಿತಾದರೂ, ಅಷ್ಟರೊಳಗೆ ಸರಕು ಐದು ತಿಂಗಳು ಅಂಗಡಿಗಳಿಂದ ದೂರವಿತ್ತು. ಗ್ರಾಹಕನ ತೀರ್ಪು ನ್ಯಾಯಾಲಯದ ತೀರ್ಪಿಗಾಗಿ ಕಾಯುವುದಿಲ್ಲ.

ಹಾಗೆಂದು ಅವಸರದಲ್ಲಿ ಏನಾದರೊಂದು ಹೇಳಿಬಿಡುವುದೂ ಅಪಾಯಕರ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ತಯಾರಕನ ಜೊತೆಗೆ ಮಾರಾಟಗಾರನ ಮೇಲೂ ಉತ್ಪನ್ನದ ಹೊಣೆಗಾರಿಕೆಯನ್ನು ಹೊರಿಸಿದೆ. ತಯಾರಕನು ಕೊಡದ ಖಾತರಿಯನ್ನು ವರ್ತಕನು ತಾನಾಗಿ ಕೊಟ್ಟು, ಸರಕು ಅದಕ್ಕೆ ತಕ್ಕಂತೆ ಇಲ್ಲದಿದ್ದರೆ, ಅದರಿಂದಾದ ಹಾನಿಗೆ ವರ್ತಕನೇ ಬಾಧ್ಯನಾಗಬಹುದು. ಆದಕಾರಣ ವಕೀಲರು ‘ಏನೂ ಮಾತನಾಡಬೇಡಿ’ ಎನ್ನುತ್ತಾರೆ, ಪ್ರಚಾರದವರು ‘ಈಗಲೇ ಮಾತನಾಡಿ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಇವೆರಡನ್ನೂ ತೂಗಿ ನೋಡುವ ತಕ್ಕಡಿ ಮಾಲೀಕನ ಕೈಯಲ್ಲೇ ಇರಬೇಕಾಗುತ್ತದೆ.

ಮಾಲೀಕನಿಗೆ ಸಿಟ್ಟು ಬೇಗ ಬರುತ್ತದೆ, ದೂರನ್ನು ಅವಮಾನವೆಂದು ಭಾವಿಸುತ್ತಾನೆ, ಹೊರಗಿನವರೇ ತಣ್ಣಗೆ ಯೋಚಿಸಬಲ್ಲರು ಎಂಬ ವಾದವುಂಟು. ಇದನ್ನು ತಳ್ಳಿಹಾಕಲಾಗದು, ಹೊರಗಿನವರ ಸಲಹೆ ಬೇಕು. ಆದರೆ ಸಲಹೆ ಬೇರೆ, ಹೊಣೆ ಬೇರೆ. ನಮ್ಮ ವೃತ್ತಿಯಲ್ಲಿ ಲೆಕ್ಕಪರಿಶೋಧಕನು ಅಭಿಪ್ರಾಯವನ್ನಷ್ಟೇ ಕೊಡುತ್ತಾನೆ, ಲೆಕ್ಕಪತ್ರಗಳನ್ನು ಸಿದ್ಧಪಡಿಸುವ ಹೊಣೆ ಆಡಳಿತ ವರ್ಗದ್ದೇ. ಸಂಸ್ಥೆಯ ಮಾತಿಗೂ ಇದೇ ನಿಯಮ ಅನ್ವಯಿಸಬೇಕು.

ಇಲ್ಲಿ ಪಣಕ್ಕಿರುವ ಆಸ್ತಿ ಯಾವುದೆಂಬುದನ್ನೂ ಗಮನಿಸಬೇಕು. ಲೆಕ್ಕಪತ್ರ ಮಾನದಂಡ 26ರ ಪ್ರಕಾರ, ಸಂಸ್ಥೆಯು ತಾನೇ ಬೆಳೆಸಿಕೊಂಡ ಗುಡ್‌ವಿಲ್ ಅನ್ನು ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಮೂವತ್ತು ವರ್ಷಗಳಲ್ಲಿ ಗಳಿಸಿದ ಹೆಸರಿಗೆ ಲೆಕ್ಕದಲ್ಲಿ ಒಂದು ಸಾಲೂ ಇಲ್ಲ. ಅದನ್ನು ಕಳೆದುಕೊಂಡ ವರ್ಷ ಮಾತ್ರ ಲಾಭ-ನಷ್ಟದ ಖಾತೆ ಅದರ ಬೆಲೆಯನ್ನು ತಿಳಿಸುತ್ತದೆ.

ಸಣ್ಣ ಸಂಸ್ಥೆಗಳು ಇದಕ್ಕಾಗಿ ದೊಡ್ಡ ವೆಚ್ಚ ಮಾಡಬೇಕಾಗಿಲ್ಲ. ಕೆಲವು ಸಿದ್ಧತೆಗಳನ್ನು ಇಂದೇ ಮಾಡಿಕೊಳ್ಳಬಹುದು.

1. ಸಂಸ್ಥೆಯ ಪರವಾಗಿ ಮಾತನಾಡುವವರು ಯಾರು, ಅವರಿಲ್ಲದಾಗ ಯಾರು ಎಂಬುದನ್ನು ಮೊದಲೇ ನಿಗದಿಪಡಿಸಬೇಕು.

2. ಯಾವ ಬ್ಯಾಚಿನ ಸರಕು ಯಾವ ಅಂಗಡಿಗೆ ಹೋಯಿತೆಂಬ ದಾಖಲೆ ಕೈಗೆ ಸಿಗುವಂತಿರಬೇಕು. ದಾಖಲೆಯಿಲ್ಲದವನು ಇಡೀ ಸರಕನ್ನು ಹಿಂಪಡೆಯಬೇಕಾಗುತ್ತದೆ, ಇಲ್ಲವೇ ಯಾವುದನ್ನೂ ಹಿಂಪಡೆಯಲಾರ.

3. ಮೊದಲ ಹೇಳಿಕೆ ಚಿಕ್ಕದಾಗಿರಲಿ. ಖಚಿತವಾಗಿ ತಿಳಿದದ್ದು, ಇನ್ನೂ ಪರಿಶೀಲನೆಯಲ್ಲಿರುವುದು, ಮುಂದಿನ ಮಾಹಿತಿ ಯಾವಾಗ ಎಂಬ ಮೂರು ಅಂಶಗಳು ಸಾಕು.

4. ವಿಚಾರಣೆಗೆ ಮೊದಲು ಗ್ರಾಹಕನನ್ನಾಗಲಿ, ಅಂಗಡಿಕಾರನನ್ನಾಗಲಿ, ಕಚ್ಚಾ ಸಾಮಗ್ರಿ ಪೂರೈಸಿದವರನ್ನಾಗಲಿ ದೂಷಿಸಬಾರದು.

5. ಕರಡನ್ನು ಯಾರೇ ಬರೆಯಲಿ, ಯಂತ್ರವೇ ಬರೆಯಲಿ, ಮಾಲೀಕನು ಪೂರ್ಣವಾಗಿ ಓದಿ ಒಪ್ಪದೆ ಅದು ಹೊರಗೆ ಹೋಗಬಾರದು.

ಖಾಲಿ ಚೆಕ್ಕಿಗೆ ಸಹಿ ಹಾಕಿ ಗುಮಾಸ್ತನ ಕೈಗೆ ಕೊಡುವ ವರ್ತಕ ನಮ್ಮಲ್ಲಿ ಯಾರೂ ಇಲ್ಲ. ಸಂಸ್ಥೆಯ ಹೆಸರಿನಲ್ಲಿ ಹೊರಡುವ ಪ್ರತಿಯೊಂದು ಮಾತೂ ಆ ಹೆಸರಿನ ಮೇಲೆ ಬರೆದ ಚೆಕ್ಕೇ ಆಗಿರುತ್ತದೆ. ಅದಕ್ಕೆ ಸಹಿ ಹಾಕುವ ಮೊದಲು ಮೊತ್ತವನ್ನು ಓದಿ ನೋಡುವ ಅಭ್ಯಾಸ ಇಲ್ಲಿಯೂ ಬೆಳೆಯಬೇಕು.