ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹುಡುಗರ ಗುಂಪಿನಲ್ಲಿ ತೀರ ಚಿಕ್ಕವನೊಬ್ಬನಿದ್ದರೆ, ಅವನು ಅತ್ತು ರಂಪ ಮಾಡಬಾರದೆಂದು ಆಟಕ್ಕೆ ಸೇರಿಸಿಕೊಳ್ಳುವುದುಂಟು. ಅವನು ಔಟಾದರೂ ಔಟಲ್ಲ, ಗೆದ್ದರೂ ಗೆಲವಲ್ಲ. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಅವನಿಗೆ ಹೆಸರು. ವಿಡಿಯೊ ಆಟಗಳನ್ನು ರಚಿಸುವವರ ನಡುವೆ ಬಹುಕಾಲದಿಂದ ನಡೆದಿರುವ ವಿವಾದವೊಂದು ಈ ಹುಡುಗನನ್ನು ಕುರಿತದ್ದೇ ಎನ್ನಬಹುದು. ಆಟವನ್ನು ಯಾರಿಗಾಗಿ ಕಟ್ಟಬೇಕು? ಸಂಜೆ ಅರ್ಧ ಗಂಟೆ ಬಿಡುವಾದಾಗ ಬಂದು ಕೂರುವವರಿಗೋ, ಒಂದೇ ಘಟ್ಟವನ್ನು ದಾಟಲು ವಾರಗಟ್ಟಲೆ ಪಟ್ಟು ಹಿಡಿಯುವವರಿಗೋ?

ಜಪಾನಿನ ನಿಂಟೆಂಡೊ ಸಂಸ್ಥೆ 1889ರಲ್ಲಿ ಕ್ಯೋಟೊ ನಗರದಲ್ಲಿ ಆಟದ ಎಲೆಗಳನ್ನು ಮಾಡಿ ಮಾರುತ್ತ ಮೊದಲಾದದ್ದು. ಅದು 2006ರಲ್ಲಿ ‘ವೀ’ ಎಂಬ ಯಂತ್ರವನ್ನು ಹೊರತಂದಿತು. ಹತ್ತಾರು ಗುಂಡಿಗಳ ಹಿಡಿಕೆಯ ಬದಲು ಅದಕ್ಕೆ ಟಿ.ವಿ. ರಿಮೋಟಿನಂಥ ಒಂದು ಸಾಧನವಿದ್ದಿತು. ಕೈ ಬೀಸಿದರೆ ಸಾಕು, ಪರದೆಯ ಮೇಲೆ ಟೆನ್ನಿಸ್ ಚೆಂಡು ಹಾರುತ್ತಿತ್ತು. ವೃದ್ಧಾಶ್ರಮಗಳಲ್ಲಿ ಅಜ್ಜ ಅಜ್ಜಿಯರು ಬೌಲಿಂಗ್ ಆಡಿದರು. ಪಳಗಿದ ಆಟಗಾರರಲ್ಲಿ ಅನೇಕರು ಮೂಗು ಮುರಿದರು. ಯಂತ್ರ ಮಾತ್ರ 10 ಕೋಟಿಗೂ ಮೀರಿ ಮಾರಿತು. ಆದರೆ 2012ರಲ್ಲಿ ಬಂದ ಅದರ ಉತ್ತರಾಧಿಕಾರಿ ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ. ಕಾರಣಗಳು ಹಲವು. ಬಿಡುವಿಗೆ ಆಡುವವರ ಕೈಗೆ ಅಷ್ಟರಲ್ಲಿ ಮೊಬೈಲು ಬಂದಿದ್ದುದು ಅವುಗಳಲ್ಲೊಂದು. ಸುಲಭವಾಗಿ ಬಂದ ನೆಂಟರು ಸುಲಭವಾಗಿಯೇ ಎದ್ದು ಹೋಗುವರು.

ಇದೇ ಸಂಸ್ಥೆ 2009ರ ಮಾರಿಯೋ ಆಟದಲ್ಲಿ ಇನ್ನೊಂದು ಉಪಾಯ ಹೂಡಿತ್ತು. ಒಂದೇ ಘಟ್ಟದಲ್ಲಿ ಎಂಟು ಬಾರಿ ಸತ್ತವನಿಗೆ ಹಸಿರು ಪೆಟ್ಟಿಗೆಯೊಂದು ಕಾಣಿಸುವುದು. ಅದನ್ನು ತಟ್ಟಿದರೆ ಮಾರಿಯೋನ ತಮ್ಮ ಲುಯಿಗಿ ಬಂದು ತಾನೇ ಆಡಿ ದಾರಿ ತೋರಿಸುವನು. ಒಳ್ಳೆಯ ಏರ್ಪಾಡೇ. ಆದರೆ ಪೆಟ್ಟಿಗೆ ಒಮ್ಮೆಯೂ ಕಾಣಿಸದಂತೆ ಆಡಿದವನ ನಕ್ಷತ್ರಗಳು ಮಾತ್ರ ಮಿನುಗುತ್ತವೆ. ಉಳಿದವನು ಮತ್ತೆ ಲೆಕ್ಕಕ್ಕಿಲ್ಲ!

ಇದಕ್ಕೆ ವಿರುದ್ಧವಾದ ಹಾದಿ 2019ರ ‘ಸೆಕಿರೊ’ ಆಟದ್ದು. ಅದರಲ್ಲಿ ಸುಲಭ, ಕಠಿಣವೆಂಬ ಆಯ್ಕೆಯೇ ಇಲ್ಲ. ಎಲ್ಲರೂ ಒಂದೇ ಕಷ್ಟವನ್ನು ಎದುರಿಸಿದರೆ ಎಲ್ಲರ ಮಾತೂ ಆನಂದವೂ ಒಂದೇ ಮಟ್ಟದಲ್ಲಿರುವುವು ಎಂಬುದು ನಿರ್ದೇಶಕ ಹಿದೆತಾಕಾ ಮಿಯಾಜಾಕಿಯವರ ನಿಲುವು. ಇದು ಅಹಂಕಾರದ ಮಾತಲ್ಲ. ನೂರು ಸಲ ಸೋತು ಗೆದ್ದವನ ಸಂತೋಷ ಸುಮ್ಮನೆ ದೊರೆಯುವಂಥದಲ್ಲ. 2023ರ ವೇಳೆಗೆ ಆ ಆಟದ 1 ಕೋಟಿ ಪ್ರತಿಗಳು ಮಾರಿದ್ದವು.

ಆದರೂ ಬೆರಳು ಬೇಗ ಓಡದವನ ಗತಿಯೇನು? ಕೀಲುನೋವಿನವನು, ಕೈ ನಡುಗುವವನು ನೂರಲ್ಲ, ಸಾವಿರ ಸಲ ಆಡಿದರೂ ಅಲ್ಲಿಯೇ ನಿಲ್ಲುವನು. ಅವನಿಗೆ ಪಟ್ಟಿಲ್ಲವೆಂದಲ್ಲ. ಇಬ್ಬರು ಎದುರಾಳಿಗಳ ಪಂದ್ಯವಾದರೆ ನಿಯಮ ಇಬ್ಬರಿಗೂ ಒಂದೇ ಇರಬೇಕು, ನಿಜ. ಒಬ್ಬನೇ ಮನೆಯಲ್ಲಿ ಕುಳಿತು ಆಡುವ ಆಟದಲ್ಲಿ ನೆರೆಮನೆಯವನು ಮೆಟ್ಟಿಲನ್ನು ತುಸು ತಗ್ಗಿಸಿಕೊಂಡರೆ ಇವನ ಗೆಲವಿನಲ್ಲಿ ಕಡಿಮೆಯಾಗುವುದೇನು?

2018ರಲ್ಲಿ ಚಿಕ್ಕ ತಂಡವೊಂದು ರಚಿಸಿದ ‘ಸೆಲೆಸ್ಟ್’ ಆಟ ಈ ಪ್ರಶ್ನೆಯನ್ನು ಆಡುವವರ ಕೈಗೇ ಒಪ್ಪಿಸಿತು. ಮನಸ್ಸಿನ ಕಳವಳದಿಂದ ಬಳಲುವ ಮ್ಯಾಡಲೀನ್ ಎಂಬ ಹುಡುಗಿ ಬೆಟ್ಟವೊಂದನ್ನು ಹತ್ತುವ ಕಥೆಯದು. ಹತ್ತುವುದೂ ಅತಿ ಕಷ್ಟ. ಆಗದವರು ಆಟದ ವೇಗವನ್ನು ಅರ್ಧಕ್ಕೆ ಇಳಿಸಿಕೊಳ್ಳಬಹುದು, ಅವಳ ಕೈ ಸೋಲದಂತೆ ಮಾಡಿಕೊಳ್ಳಬಹುದು, ಸಾವೇ ಬಾರದಂತೆಯೂ ಮಾಡಿಕೊಳ್ಳಬಹುದು. ಬೇಡವೆನ್ನುವವರಿಗೆ ಬೆಟ್ಟ ಒಂದು ಗೇಣೂ ತಗ್ಗುವುದಿಲ್ಲ. ನಿಧಾನವಾಗಿ ಹತ್ತಿದವರಿಗೂ ಮ್ಯಾಡಲೀನಳ ಕಥೆ ಪೂರ್ತಿಯಾಗಿಯೇ ದೊರೆಯುತ್ತದೆ.