ಮುಟ್ಟಿನ ಕಪ್ಪು: ಎಳೆಯಬೇಡಿ, ಹಿಂಡಿ

ಕಟ್ಟಾಯದಂಥ ಊರಿನಿಂದ ಬೆಳಿಗ್ಗೆ ಬಸ್ಸು ಹಿಡಿದು ಹಾಸನದ ಕಾಲೇಜಿಗೆ ಹೋಗುವ ಹುಡುಗಿ ಮನೆ ಸೇರುವುದು ಸಂಜೆಗೆ. ಮುಟ್ಟಿನ ದಿನಗಳಲ್ಲಿ ಪ್ಯಾಡ್ ಬದಲಿಸಲು ಜಾಗವಿಲ್ಲದೆ ಅವಳು ಪಡುವ ಪಾಡು ತಾಯಂದಿರಿಗೆ ಗೊತ್ತಿಲ್ಲದ್ದಲ್ಲ. ಪ್ಯಾಡಿಗೆ ಬದಲಾಗಿ ಮುಟ್ಟಿನ ಕಪ್ಪು ಕೊಡುವ ‘ಮೈತ್ರಿ’ ಯೋಜನೆಯನ್ನು ರಾಜ್ಯ ಸರ್ಕಾರ 2022ರಲ್ಲಿ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು.

ಮೆತ್ತನೆಯ ಸಿಲಿಕೋನಿನ ಈ ಪುಟ್ಟ ಬಟ್ಟಲನ್ನು ಮಡಚಿ ಯೋನಿಯೊಳಗೆ ಇಟ್ಟರೆ ಅದು ಅರಳಿ, ಅಂಚು ಸುತ್ತಲೂ ಕಚ್ಚಿಕೊಂಡು, ಹಗುರವಾದ ಹೀರುಬಲದಿಂದ ನಿಲ್ಲುತ್ತದೆ. ರಕ್ತ ಸೋರಿದರೆ ಸಾಮಾನ್ಯವಾಗಿ ಅದು ಪೂರ್ತಿ ಅರಳಿರುವುದಿಲ್ಲ, ಇಲ್ಲವೇ ಅಳತೆ ಹೊಂದಿರುವುದಿಲ್ಲ. ಬೆರಳಿನಿಂದ ಸುತ್ತ ಮುಟ್ಟಿ ನೋಡಿ, ಕೊಂಚ ತಿರುಗಿಸಬೇಕು. ತೆಗೆಯುವಾಗ ತೊಟ್ಟು ಹಿಡಿದು ಎಳೆದರೆ ನೋವಾಗುತ್ತದೆ. ಬುಡವನ್ನು ಹಿಂಡಿದರೆ ಗಾಳಿ ಒಳಹೊಕ್ಕು ಬಿಗಿ ಸಡಿಲುತ್ತದೆ. ಆಮೇಲೆ ನಿಧಾನವಾಗಿ ಇಳಿಸಬೇಕು. ಕಾಪರ್-ಟಿ ಇರುವ ತಾಯಂದಿರು ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ಕೈ ತೊಳೆದೇ ಮುಟ್ಟಬೇಕು. 8ರಿಂದ 12 ಗಂಟೆಯೊಳಗೆ ಖಾಲಿ ಮಾಡಿ ತೊಳೆಯಬೇಕು. ಪ್ರತಿ ತಿಂಗಳ ಮುಟ್ಟಿಗೆ ಮುನ್ನ ನೀರಿನಲ್ಲಿ ಕುದಿಸಬೇಕು. ಕಪ್ಪು ಇಟ್ಟಿರುವಾಗ ಜೋರು ಜ್ವರ, ವಾಂತಿ, ಮೈಮೇಲೆ ಗಂಧೆ ಕಂಡರೆ ಕೂಡಲೇ ತೆಗೆದು ಆಸ್ಪತ್ರೆಗೆ ಹೋಗಬೇಕು. ಇದು ತೀರಾ ಅಪರೂಪ.

ಕೈ ಪಳಗಲು ಎರಡು ಮೂರು ತಿಂಗಳು ಬೇಕು. ಮೊದಲ ಸಲ ಸೋತವರು ಕೈಚೆಲ್ಲಬೇಕಿಲ್ಲ. ಒಲ್ಲದವರನ್ನು ಒತ್ತಾಯಿಸುವುದೂ ಬೇಡ.

‘ಮಗಳ ಕನ್ಯಾಪೊರೆಗೆ ಏನಾದೀತು?’ ಎಂಬುದು ಹಲವು ತಾಯಂದಿರು ಬಾಯಿಬಿಟ್ಟು ಕೇಳದ ಪ್ರಶ್ನೆ. ಅದು ಹಿಗ್ಗಬಹುದು, ಹರಿಯಲೂಬಹುದು. ಆದರೆ ಆ ಪೊರೆ ಯಾರ ಶೀಲಕ್ಕೂ ಸಾಕ್ಷಿಯಲ್ಲ. ಈ ಮಾತನ್ನು ಮಗಳು ಬೇರೆಯವರಿಂದ ಕೇಳುವುದಕ್ಕಿಂತ ಅಮ್ಮನಿಂದಲೇ ಕೇಳಲಿ.