ಎಚ್ಚರಿಕೆ ಅಂಟಿಸಿದ್ದು ಯಾವ ಪೊಟ್ಟಣಕ್ಕೆ?

ಅಮೆರಿಕದ ಹೆಂಗಸೊಬ್ಬಳ ಕೈಚೀಲದಲ್ಲಿ ಎರಡು ಪೊಟ್ಟಣಗಳಿವೆ ಎಂದುಕೊಳ್ಳಿ. ವರ್ಷ 1978. ಒಂದರಲ್ಲಿ ಬಸಿರು ನಿಲ್ಲದಂತೆ ದಿನಕ್ಕೊಂದು ನುಂಗುವ ಮಾತ್ರೆ. ಅದು ಬೇಕೆಂದರೆ ಡಾಕ್ಟರ ಮುಂದೆ ಕೂತು ಚೀಟಿ ಬರೆಸಿಕೊಳ್ಳಬೇಕು. ಇನ್ನೊಂದರಲ್ಲಿ ಸಿಗರೇಟು, ಅದು ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ. ಎರಡೂ ಒಂದೇ ದೇಹಕ್ಕೆ ಹೋದರೆ ಹೃದಯಾಘಾತವೂ ಲಕ್ವವೂ ಹತ್ತಿರ ಬರುತ್ತವೆ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ಸರ್ಕಾರ ಎಚ್ಚರಿಕೆ ಬರೆಸಿತು. ದಿನಕ್ಕೆ 15 ಅಥವಾ ಅದಕ್ಕಿಂತ ಹೆಚ್ಚು ಸೇದುವವರಿಗೆ, 35 ವರ್ಷ ದಾಟಿದವರಿಗೆ ಅಪಾಯ ಜಾಸ್ತಿ, ಮಾತ್ರೆ ನುಂಗುವವರು ಸೇದಬಾರದು ಎಂದು ಚೌಕಟ್ಟು ಹಾಕಿ ಅಚ್ಚು ಮಾಡಿಸಿತು. ಅಚ್ಚಾದದ್ದು ಮಾತ್ರೆಯ ಜೊತೆಗಿನ ಕಾಗದದಲ್ಲಿ. ಸಿಗರೇಟು ಪೊಟ್ಟಣದ ಮೇಲೆ ಮಾತ್ರೆಯ ಸುದ್ದಿಯೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ದಡ್ಡತನ ನಮ್ಮ ಹಳ್ಳಿಗಳಿಗೆ ಸೇರಿದ್ದು ಎಂದುಕೊಂಡವರು ಒಮ್ಮೆ ವಾಷಿಂಗ್ಟನ್ನಿನ ಕಡೆಗೂ ನೋಡಬೇಕು.

ಮೊದಲೇ ಹೇಳಿಬಿಡುತ್ತೇನೆ, ಮಾತ್ರೆಯ ಮೇಲೆ ನನಗೆ ಹಗೆಯಿಲ್ಲ. ವರ್ಷಕ್ಕೊಂದು ಹೆರುತ್ತಾ ಸವೆದುಹೋದ ಅಜ್ಜಿಯಂದಿರ ಮೊಮ್ಮಕ್ಕಳು ನಾವು. ಬಸುರಿ ಬಾಣಂತಿಯರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆ ನುಂಗುವವರಿಗಿಂತ ಹೆಚ್ಚು. ಸಿಗರೇಟು ಮುಟ್ಟದ, ರಕ್ತದೊತ್ತಡವಿಲ್ಲದ ಹರೆಯದ ಹೆಣ್ಣಿಗೆ ಈ ಮಾತ್ರೆ ಬಹಳ ಮಟ್ಟಿಗೆ ಸುರಕ್ಷಿತ. ನನ್ನ ಸಿಟ್ಟೆಲ್ಲ ಉಡಾಫೆಯ ಮೇಲೆ. ಅಪಾಯ ಗೊತ್ತಿದ್ದೂ ಹೇಳದವರ, ಹೇಳಿದ್ದನ್ನು ಕತ್ತರಿಸಿದವರ, ಕೊನೆಗೆ ಹೇಳಬೇಕಾದವರನ್ನು ಬಿಟ್ಟು ಸಿಕ್ಕವರ ಹಣೆಗೆ ಹಚ್ಚಿದವರ ಉಡಾಫೆ.

ಆ ಉಡಾಫೆ ಶುರುವಾದದ್ದೇ ಬಡವರ ಕೇರಿಯಲ್ಲಿ. 1956ರಲ್ಲಿ ಪೋರ್ಟೊರಿಕೊದ ರಿಯೊ ಪಿಯೆದ್ರಾಸ್‌ನಲ್ಲಿ ಹೊಸ ಮನೆ ಪಡೆದ ಬಡ ಕುಟುಂಬಗಳ ಹೆಂಗಸರ ಮೇಲೆ ವಿಜ್ಞಾನಿ ಗ್ರೆಗರಿ ಪಿಂಕಸ್ ಮತ್ತು ವೈದ್ಯ ಜಾನ್ ರಾಕ್ ಈ ಮಾತ್ರೆಯ ಪ್ರಯೋಗ ಆರಂಭಿಸಿದರು. ಅಲ್ಲಿ ಮೇಲ್ವಿಚಾರಣೆಗಿದ್ದ ಡಾಕ್ಟರ್ ಈಡ್ರಿಸ್ ರೈಸ್-ರೇ, ಶೇ. 17ರಷ್ಟು ಹೆಂಗಸರಿಗೆ ತಲೆಸುತ್ತು, ವಾಂತಿ, ತಲೆನೋವು ಬರುತ್ತಿದೆ, ಇಷ್ಟು ತೊಂದರೆ ಕೊಡುವ ಔಷಧ ಎಲ್ಲರಿಗೂ ಒಗ್ಗುವಂಥದ್ದಲ್ಲ ಎಂದು ವರದಿ ಬರೆದರು. ಪಿಂಕಸ್ ಅದನ್ನು ಹೆಂಗಸರ ಮನಸ್ಸಿನ ಕಲ್ಪನೆ ಎಂಬಂತೆ ತಳ್ಳಿಹಾಕಿದರು. ಪ್ರಯೋಗದ ಅವಧಿಯಲ್ಲಿ ಮೂವರು ಹೆಂಗಸರು ಸತ್ತರು. ಮರಣೋತ್ತರ ಪರೀಕ್ಷೆ ನಡೆಯಲಿಲ್ಲ. ಸತ್ತದ್ದು ಮಾತ್ರೆಯಿಂದಲೋ ಅಲ್ಲವೋ ಎಂದು ಇವತ್ತು ಯಾರೂ ಹೇಳಲಾರರು. ಹೇಳಲಾಗದ ಹಾಗೆ ಮಾಡಿಟ್ಟದ್ದೇ ಅಪರಾಧ. 1960ರಲ್ಲಿ ಸರ್ಲ್ ಕಂಪನಿಯ ಎನೋವಿಡ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದರ ಒಂದೊಂದು ಮಾತ್ರೆಯಲ್ಲಿ 150 ಮೈಕ್ರೊಗ್ರಾಂ ಈಸ್ಟ್ರೋಜನ್. ನಮ್ಮ ಮಾಲಾ-ಡಿಯಲ್ಲಿ ಇರುವುದು 30.

ಮರು ವರ್ಷವೇ, 1961ರ ನವೆಂಬರಿನಲ್ಲಿ, ಬ್ರಿಟನ್ನಿನ ವೈದ್ಯರೊಬ್ಬರು ‘ಲ್ಯಾನ್ಸೆಟ್’ ಪತ್ರಿಕೆಗೆ ಕಾಗದ ಬರೆದರು: ಎನೋವಿಡ್ ತೆಗೆದುಕೊಳ್ಳುತ್ತಿದ್ದ ನರ್ಸ್ ಒಬ್ಬರ ಶ್ವಾಸಕೋಶದಲ್ಲಿ ರಕ್ತದ ಗೆಡ್ಡೆ ಸಿಕ್ಕಿಕೊಂಡಿದೆ. ಅಲ್ಲಿಂದ ಮುಂದಕ್ಕೆ ವರದಿಗಳು ಒಂದರ ಮೇಲೊಂದು ಬಂದವು. 1968ರ ಹೊತ್ತಿಗೆ ಬ್ರಿಟನ್ನಿನ ಸಂಶೋಧಕರಾದ ವೆಸಿ, ಡಾಲ್, ಇನ್ಮನ್ ಲೆಕ್ಕಹಾಕಿ ಮಾತ್ರೆಗೂ ಗೆಡ್ಡೆಗೂ ನಂಟಿದೆ ಎಂದು ತೋರಿಸಿಕೊಟ್ಟರು. ಇಷ್ಟಾದರೂ ಮಾತ್ರೆ ನುಂಗುವವಳಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಹೇಳಿದರೆ ಹೆದರಿಕೊಳ್ಳುತ್ತಾರಂತೆ!

1970ರ ಜನವರಿ. ಸೆನೆಟರ್ ಗೇಲಾರ್ಡ್ ನೆಲ್ಸನ್ ಮಾತ್ರೆಯ ಸುರಕ್ಷತೆಯ ಬಗ್ಗೆ ವಿಚಾರಣೆ ಇಟ್ಟರು. ಪತ್ರಕರ್ತೆ ಬಾರ್ಬರಾ ಸೀಮನ್ ಹಿಂದಿನ ವರ್ಷ ಬರೆದ ಪುಸ್ತಕ ಅದಕ್ಕೆ ಕಿಡಿ ಹಚ್ಚಿತ್ತು. ಆದರೆ ವಿಚಾರಣೆಗೆ ಸಾಕ್ಷಿ ಹೇಳಲು ಕರೆದವರಲ್ಲಿ ಮಾತ್ರೆ ನುಂಗಿ ನರಳಿದ ಒಬ್ಬ ಹೆಂಗಸೂ ಇಲ್ಲ. ಗಂಡಸರು ಗಂಡಸರನ್ನು ಕೇಳುತ್ತಿದ್ದರು, ಗಂಡಸರು ಗಂಡಸರಿಗೆ ಉತ್ತರ ಕೊಡುತ್ತಿದ್ದರು. ಹೋರಾಟಗಾರ್ತಿ ಆಲಿಸ್ ವುಲ್ಫ್‌ಸನ್ ಮತ್ತು ಅವರ ಗೆಳತಿಯರು ಸಭಾಂಗಣದಲ್ಲಿ ಎದ್ದು ನಿಂತು ಕೂಗಿದರು. ನಮ್ಮನ್ನೇಕೆ ಪ್ರಯೋಗದ ಇಲಿಗಳನ್ನಾಗಿ ಮಾಡಿದಿರಿ, ಗಂಡಸರಿಗೇಕೆ ಮಾತ್ರೆ ಇಲ್ಲ ಎಂದು ಕೇಳಿದರು. ಟಿವಿ ಕ್ಯಾಮೆರಾಗಳು ಅವರ ಕಡೆ ತಿರುಗಿದವು. ಅದೇ ಸಮಯಕ್ಕೆ ನಡೆದ ಜನಮತ ಸಮೀಕ್ಷೆಯೊಂದರಲ್ಲಿ ಮಾತ್ರೆ ನುಂಗುತ್ತಿದ್ದ ಮೂವರಲ್ಲಿ ಇಬ್ಬರು, ಡಾಕ್ಟರು ಅಪಾಯದ ಮಾತೇ ಎತ್ತಿರಲಿಲ್ಲ ಎಂದರು.

ಆಮೇಲೆ ನಡೆದದ್ದು ಕತ್ತರಿ ಪ್ರಯೋಗ. ಔಷಧ ನಿಯಂತ್ರಣದ ಸರ್ಕಾರಿ ಸಂಸ್ಥೆ ಎಫ್‌ಡಿಎ, ಪ್ರತಿ ಪೊಟ್ಟಣದಲ್ಲೂ ಇಡಲು ಸುಮಾರು 600 ಪದಗಳ ತಿಳಿವಳಿಕೆ ಪತ್ರದ ಕರಡು ಸಿದ್ಧಮಾಡಿತು. ಔಷಧ ಕಂಪನಿಗಳು ಗದ್ದಲ ಎಬ್ಬಿಸಿದವು. ಅಮೆರಿಕದ ವೈದ್ಯರ ಸಂಘ, ಇಂಥ ಕಾಗದದಿಂದ ವೈದ್ಯ ಮತ್ತು ರೋಗಿಯ ನಡುವಿನ ಸಂಬಂಧ ಕೆಡುತ್ತದೆ ಎಂದಿತು. ಏನಯ್ಯಾ ಆ ಸಂಬಂಧ? ಮೂವರಲ್ಲಿ ಇಬ್ಬರಿಗೆ ಬಾಯಿಬಿಡದೆ ಮಾತ್ರೆ ಬರೆದುಕೊಟ್ಟ ಸಂಬಂಧ ತಾನೆ? 600 ಪದಗಳು ಸವೆದು ಸವೆದು ಸುಮಾರು 100ಕ್ಕೆ ಇಳಿದವು. ಉಳಿದದ್ದು ರಕ್ತ ಹೆಪ್ಪುಗಟ್ಟುವ ಒಂದು ಮಾತು, ಹೆಚ್ಚಿನ ವಿವರ ಬೇಕಿದ್ದರೆ ಡಾಕ್ಟರ ಬಳಿ ಪುಸ್ತಿಕೆ ಕೇಳಿ ಎಂಬ ಸಲಹೆ. ಯಾರು ಹೇಳಲಿಲ್ಲವೋ ಅವರನ್ನೇ ಹೋಗಿ ಕೇಳಬೇಕಂತೆ.

ಇತ್ತ ಹೆಂಗಸರಿಗೆ ಇನ್ನೊಂದು ಪೊಟ್ಟಣವನ್ನು ಮಾರುವವರಿಗೆ ಪದಗಳ ಬರ ಇರಲಿಲ್ಲ. 1968ರಲ್ಲಿ ಫಿಲಿಪ್ ಮಾರಿಸ್ ಕಂಪನಿ ಹೆಂಗಸರಿಗೆಂದೇ ತೆಳ್ಳಗಿನ ಸಿಗರೇಟು ತಂದಿತು, ವರ್ಜಿನಿಯಾ ಸ್ಲಿಮ್ಸ್. ನೀನು ಬಹಳ ದೂರ ಬಂದಿದ್ದೀ ಮರಿ ಎಂಬ ಧಾಟಿಯಲ್ಲಿ ಬೆನ್ನು ತಟ್ಟುತ್ತಾ, ಮತದಾನದ ಹಕ್ಕಿಗೆ ಬೀದಿಗಿಳಿದವರ ಹೋರಾಟವನ್ನೇ ಜಾಹೀರಾತಿನ ಸರಕು ಮಾಡಿಕೊಂಡಿತು. ಹೆಂಗಸರ ಟೆನಿಸ್ ಪಂದ್ಯಾವಳಿಗೆ ತನ್ನ ಹೆಸರಿಟ್ಟಿತು. ಟಿವಿಯಲ್ಲಿ ಸಿಗರೇಟಿನ ಜಾಹೀರಾತಿಗೆ ನಿಷೇಧ ಬಿದ್ದದ್ದು 1971ರ ಜನವರಿ 2ರಂದು. ಹಿಂದಿನ ರಾತ್ರಿ ಹನ್ನೆರಡಕ್ಕೆ ಒಂದು ನಿಮಿಷವಿರುವಾಗ ಬಂದ ಕಟ್ಟಕಡೆಯ ಜಾಹೀರಾತೂ ಇದೇ ಸಿಗರೇಟಿನದು. ಮಾತ್ರೆ ನುಂಗುವ ವಯಸ್ಸೂ ಈ ಸಿಗರೇಟು ಗುರಿಯಿಟ್ಟ ವಯಸ್ಸೂ ಒಂದೇ. ಸ್ವಾತಂತ್ರ್ಯದ ಹೆಸರಿನಲ್ಲಿ ಅವಳ ಎರಡೂ ಕೈಗೆ ಒಂದೊಂದನ್ನು ಇಟ್ಟು, ಅವೆರಡೂ ಒಳಗೆ ಹೋಗಿ ಏನು ಮಾಡುತ್ತವೆ ಎಂದು ಹೇಳುವ ಕೆಲಸವನ್ನು ಯಾರೂ ವಹಿಸಿಕೊಳ್ಳಲಿಲ್ಲ. ಹೆಂಗಸರ ಪತ್ರಿಕೆಗಳು ಹೇಳಬಹುದಿತ್ತು. ಅವುಗಳ ಹೊಟ್ಟೆ ತುಂಬುತ್ತಿದ್ದದ್ದು ಸಿಗರೇಟಿನ ಜಾಹೀರಾತಿನಿಂದ. ಸಿಗರೇಟಿನ ಜಾಹೀರಾತು ಹೆಚ್ಚಿದಷ್ಟೂ ಅದರ ಹಾನಿಯ ಬಗ್ಗೆ ಲೇಖನಗಳು ಕಡಿಮೆಯಾಗುತ್ತಿದ್ದವು, ಹೆಂಗಸರ ಪತ್ರಿಕೆಗಳಲ್ಲಿ ಇದು ಇನ್ನೂ ಢಾಳಾಗಿತ್ತು ಎಂದು 1992ರಲ್ಲಿ ಸಂಶೋಧಕ ಕೆನ್ನೆತ್ ವಾರ್ನರ್ ಮತ್ತು ಸಂಗಡಿಗರು 99 ಪತ್ರಿಕೆಗಳನ್ನು ಶೋಧಿಸಿ ತೋರಿಸಿದರು.

ಒಳಗೆ ನಡೆಯುವುದು ಇಷ್ಟು. ಮಾತ್ರೆಯ ಈಸ್ಟ್ರೋಜನ್ ಯಕೃತ್ತನ್ನು ಚುರುಕುಗೊಳಿಸಿ, ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ. ಸಿಗರೇಟಿನ ಹೊಗೆ ರಕ್ತನಾಳದ ಒಳಪದರವನ್ನು ಗಾಯಗೊಳಿಸುತ್ತದೆ, ಪ್ಲೇಟ್‌ಲೆಟ್ ಕಣಗಳನ್ನು ಅಂಟಂಟಾಗಿಸುತ್ತದೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಸಿಯುತ್ತದೆ. 1968ರಿಂದ ಸುಮಾರು 46,000 ಹೆಂಗಸರನ್ನು ಗಮನಿಸುತ್ತಾ ಬಂದ ಬ್ರಿಟನ್ನಿನ ಸಾಮಾನ್ಯ ವೈದ್ಯರ ರಾಯಲ್ ಕಾಲೇಜು 1977ರಲ್ಲಿ ಹೇಳಿದ್ದು ಹೀಗೆ: ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಸಾಯುವ ಪ್ರಮಾಣ ಮಾತ್ರೆ ನುಂಗಿದವರಲ್ಲಿ ಐದು ಪಟ್ಟು, ಆ ಹೆಚ್ಚುವರಿ ಸಾವುಗಳ ಭಾರವೆಲ್ಲ 35 ದಾಟಿದವರ ಮೇಲೆ, ಸಿಗರೇಟು ಸೇದುವವರ ಮೇಲೆ. ಅದಕ್ಕೂ ಒಂದು ವರ್ಷ ಮೊದಲು ನ್ಯೂಯಾರ್ಕಿನ ಪಾಪ್ಯುಲೇಶನ್ ಕೌನ್ಸಿಲ್‌ನ ಅನ್ರುಧ್ ಜೈನ್, ಮಾತ್ರೆ, ಸಿಗರೇಟು, ಹೃದಯಾಘಾತ ಈ ಮೂರರ ಲೆಕ್ಕವನ್ನು ಬಿಡಿಸಿ ಇಟ್ಟಿದ್ದರು. ಎರಡೂ ಸೇರಿದರೆ ಹೃದಯಾಘಾತದ ಅಪಾಯ ಹತ್ತು ಪಟ್ಟು ಎಂದು 1980ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿಯೂ ಹೇಳಿತು.

ಮಾತ್ರೆಯಷ್ಟನ್ನೇ ನುಂಗುವವಳಿಗಿಂತ ಸಿಗರೇಟಷ್ಟನ್ನೇ ಸೇದುವವಳ ಎದೆಗೆ ಹೆಚ್ಚು ಗಂಡಾಂತರ ಎಂಬುದೂ ಈ ಲೆಕ್ಕಗಳಲ್ಲೇ ಇತ್ತು. ಹಾಗಿದ್ದ ಮೇಲೆ ಚೌಕಟ್ಟಿನ ಎಚ್ಚರಿಕೆ ಯಾವ ಪೊಟ್ಟಣಕ್ಕೆ ಸೇರಬೇಕಾಗಿತ್ತು?

ಎಫ್‌ಡಿಎ ಕಡೆಯವರ ವಾದವನ್ನೂ ಕೇಳೋಣ. ಆಗ ತಂಬಾಕಿನ ಮೇಲೆ ಅವರಿಗೆ ಅಧಿಕಾರವಿರಲಿಲ್ಲ. ಸಿಗರೇಟು ಪೊಟ್ಟಣದ ಒಂದೊಂದು ಪದವನ್ನೂ ಸಂಸತ್ತೇ ಕಾನೂನು ಮಾಡಿ ಗೊತ್ತುಪಡಿಸುತ್ತಿತ್ತು. ಕೈಗೆ ಸಿಕ್ಕಿದ್ದು ಮಾತ್ರೆ, ಅದರ ಮೇಲೆ ಬರೆದರು. ಒಪ್ಪುತ್ತೇನೆ. ಮಾತ್ರೆಯ ಮೇಲೆ ಬರೆದದ್ದು ತಪ್ಪೂ ಅಲ್ಲ, ಅದು ಅಲ್ಲಿರಲೇಬೇಕು. ಆದರೆ ಸಂಸತ್ತಿಗೆ ಏನಾಗಿತ್ತು? 1984ರಲ್ಲಿ ಅದು ಹೊಸ ಕಾಯ್ದೆ ಮಾಡಿ, ಮರು ವರ್ಷದಿಂದ ಸರದಿಯಂತೆ ಅಚ್ಚಾಗುವ ನಾಲ್ಕು ಎಚ್ಚರಿಕೆಗಳನ್ನು ತಂದಿತು. ನಾಲ್ಕರಲ್ಲಿ ಎರಡು ಬಸುರಿನ ಮಾತಾಡುತ್ತವೆ. ಹೊಟ್ಟೆಯಲ್ಲಿ ಕೂಸಿದ್ದರೆ ಅವಳು ಲೆಕ್ಕಕ್ಕೆ ಸಿಕ್ಕಳು. ಕೂಸು ಬೇಡವೆಂದು ಮಾತ್ರೆ ನುಂಗುವವಳು ಸಿಗಲಿಲ್ಲ. 2009ರಲ್ಲಿ ತಂಬಾಕಿನ ಅಧಿಕಾರವೂ ಎಫ್‌ಡಿಎ ಕೈಗೆ ಬಂತು. ಇನ್ನು ನೆಪವಿಲ್ಲವಲ್ಲ! 2020ರ ಮಾರ್ಚ್‌ನಲ್ಲಿ ಅದು 11 ಚಿತ್ರ ಎಚ್ಚರಿಕೆಗಳನ್ನು ಪ್ರಕಟಿಸಿತು. ಮೂತ್ರಕೋಶದ ಕ್ಯಾನ್ಸರ್ ಇದೆ, ಕಣ್ಣಿನ ಪೊರೆ ಇದೆ, ಸಕ್ಕರೆ ಕಾಯಿಲೆ ಇದೆ. ಗಂಡಸಿನ ನಿಮಿರು ದೌರ್ಬಲ್ಯವೂ ಇದೆ, ಚಿತ್ರ ಸಮೇತ. ಮಾತ್ರೆ ನುಂಗುವವಳು ಮಾತ್ರ ಇಲ್ಲ. ಆ 11ನ್ನೂ ತಂಬಾಕು ಕಂಪನಿಗಳು ಕೋರ್ಟಿಗೆ ಎಳೆದವು ಎನ್ನುವುದು ಬೇರೆ ಕಥೆ.

ಮಾತ್ರೆಯ ಕಂಪನಿಗಳೇನು ಸಾಚಾಗಳಲ್ಲ. ಮ್ಯಾಸಚೂಸೆಟ್ಸಿನ ಯುವತಿಯೊಬ್ಬಳು 1973ರಿಂದ ಆರ್ಥೊ ಕಂಪನಿಯ ಮಾತ್ರೆ ನುಂಗುತ್ತಿದ್ದಳು. 1976ರಲ್ಲಿ ಪಾರ್ಶ್ವವಾಯು ಹೊಡೆದು ಅಂಗವಿಕಲಳಾದಳು. ಪೊಟ್ಟಣದ ಕಾಗದದಲ್ಲಿ ರಕ್ತ ಹೆಪ್ಪುಗಟ್ಟಬಹುದು ಎಂದಿತ್ತು, ಪಾರ್ಶ್ವವಾಯುವಿನ ಹೆಸರಿರಲಿಲ್ಲ. ನಾವು ಡಾಕ್ಟರಿಗೆ ಹೇಳಿದ್ದೇವೆ, ಅಷ್ಟು ಸಾಕು ಎಂಬುದು ಕಂಪನಿಯ ವಾದ. 1985ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ತಳ್ಳಿಹಾಕಿ, ನುಂಗುವವಳಿಗೇ ನೇರವಾಗಿ ಹೇಳಬೇಕಾದ್ದು ಕಂಪನಿಯ ಹೊಣೆ ಎಂದಿತು.

ಇಷ್ಟೆಲ್ಲ ಅಮೆರಿಕದ ಪುರಾಣ ನಮಗೇಕೆ ಎನ್ನಬೇಡಿ. ಮಾಲಾ-ಡಿ ನಮ್ಮ ಮೆಡಿಕಲ್ ಶಾಪುಗಳಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಮಾಲಾ-ಎನ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಆಶಾ ಅಕ್ಕ ಮನೆಬಾಗಿಲಿಗೇ ತಂದುಕೊಡುತ್ತಾಳೆ. ಒಳ್ಳೆಯದೇ. ಆದರೆ ಬೀಡಿ ಸಿಗರೇಟು ಸೇದುತ್ತೀಯಾ ಎಂದು ಅವಳು ಕೇಳುವುದು ಹೇಗೆ? ಪಕ್ಕದಲ್ಲಿ ಅತ್ತೆ ಕೂತಿರುತ್ತಾಳೆ, ಜಗಲಿಯಲ್ಲಿ ಮಾವ. ಹೌದು ಎನ್ನುವ ಧೈರ್ಯ ಯಾವ ಸೊಸೆಗಿದೆ? 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಧೂಮಪಾನ ಮಾಡುವ ಹೆಂಗಸರು ನೂರಕ್ಕೆ ಇಬ್ಬರು. ನೂರಕ್ಕೆ ಇಬ್ಬರು ಎಂದರೆ ಈ ದೇಶದಲ್ಲಿ ಒಂದು ಕೋಟಿ ಸಮೀಪ. ಅವರಲ್ಲಿ ಗಾರೆ ಕೆಲಸದ ನಡುವೆ ಬೀಡಿ ಹಚ್ಚುವವಳಿದ್ದಾಳೆ, ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸುರುಟು ಸೇದುವ ಶ್ರೀಕಾಕುಳಂ ಕಡೆಯ ಹಿರಿಯಳಿದ್ದಾಳೆ, ಬೆಂಗಳೂರಿನ ಕಚೇರಿಯ ಹಿಂಬದಿಯ ಚಹಾ ಅಂಗಡಿಯಲ್ಲಿ ನಿಂತ ಹುಡುಗಿಯಿದ್ದಾಳೆ. ಸೇದುವ ಹೆಣ್ಣನ್ನು ಕೆಟ್ಟವಳು ಎಂದು ನೋಡುವ ಸಮಾಜ ಅವಳಿಂದ ಸುಳ್ಳು ಹೇಳಿಸುತ್ತದೆ. ಆ ಸುಳ್ಳನ್ನು ನಂಬಿ ಮಾತ್ರೆ ಕೊಡಲಾಗುತ್ತದೆ. 35 ದಾಟಿ ದಿನಕ್ಕೆ 15 ಸೇದುವವಳಿಗೆ ಈ ಮಾತ್ರೆ ಕೊಡಲೇಕೂಡದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮವೇ ಇದೆ. ನಮ್ಮ ಮರ್ಯಾದೆಯ ಕಟ್ಟುಪಾಡು ಆ ನಿಯಮವನ್ನು ಬಾಗಿಲ ಹೊರಗೇ ನಿಲ್ಲಿಸುತ್ತದೆ.

ಬೇರೆ ದಾರಿ ಇಲ್ಲವೆಂದಲ್ಲ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ಮಾತ್ರೆಯೊಂದು ‘ಸಹೇಲಿ’ ಎಂಬ ಹೆಸರಲ್ಲಿ ಬಂತು. ಅದರಲ್ಲಿ ಈಸ್ಟ್ರೋಜನ್ ಇಲ್ಲ. ಸರ್ಕಾರವೇ ಅದನ್ನು ‘ಛಾಯಾ’ ಎಂದು ಉಚಿತವಾಗಿ ಹಂಚುತ್ತಿದೆ. ಕಾಪರ್-ಟಿ ಇದೆ. ಗಂಡಸಿನ ಆಪರೇಷನ್ ಅಂತೂ ಇದ್ದೇ ಇದೆ, ಆ ಮಾತೆತ್ತಿದರೆ ಮನೆಯೇ ಮೌನ.

ಸಿಗರೇಟು ಪೊಟ್ಟಣದ ಶೇ. 85ರಷ್ಟು ಜಾಗದಲ್ಲಿ ಎಚ್ಚರಿಕೆ ಇರಬೇಕೆಂಬ ಕೇಂದ್ರದ ನಿಯಮವನ್ನು ತಂಬಾಕು ಕಂಪನಿಗಳು ಕೋರ್ಟುಗಳಿಗೆ ಎಳೆದು, ಕೊನೆಗೆ ನಮ್ಮ ಹೈಕೋರ್ಟಿನಲ್ಲೇ 2017ರ ಡಿಸೆಂಬರಿನಲ್ಲಿ ರದ್ದು ಮಾಡಿಸಿದವು. ಮರು ತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಪೊಟ್ಟಣದ ಇಂಚಿಂಚು ಜಾಗಕ್ಕೂ ಇಷ್ಟು ದೊಡ್ಡ ಕಾಳಗ ನಡೆಯುತ್ತದೆ ಎಂದ ಮೇಲೆ ಆ ಜಾಗದ ಬೆಲೆ ಏನೆಂದು ಮಾರುವವರಿಗೆ ಚೆನ್ನಾಗಿ ಗೊತ್ತು. ಕೇಂದ್ರ ಆರೋಗ್ಯ ಸಚಿವಾಲಯ ಆ ಚಿತ್ರಗಳನ್ನು ಆಗಾಗ ಬದಲಾಯಿಸುತ್ತಲೇ ಇರುತ್ತದೆ. ಮುಂದಿನ ಸಲ ಬದಲಾಯಿಸುವಾಗ ಗರ್ಭನಿರೋಧಕ ಮಾತ್ರೆ ನುಂಗುವವಳಿಗೆ ಅಲ್ಲಿ ಒಂದು ಸಾಲು ಬರೆಯಲಿ. ಬೀಡಿ ಕಟ್ಟಿನ ಮೇಲೂ ಬರೆಯಲಿ, ಕನ್ನಡದಲ್ಲೇ ಬರೆಯಲಿ. ಆಶಾ ಅಕ್ಕಂದಿರಿಗೆ ಸೊಸೆಯನ್ನು ಅತ್ತೆಯ ಕಣ್ಣಿಂದ ಈಚೆ ಕರೆದು ಕೇಳುವ ತರಬೇತಿ ಕೊಡಲಿ. ಅವಳು ಹೌದೆಂದರೆ ಬೈಯದೆ, ಅವತ್ತೇ ಛಾಯಾ ಮಾತ್ರೆಯನ್ನು ಅವಳ ಕೈಗಿಡಲಿ.